ಫಿಫ್ತ್ ವೀಲ್ ಎಳೆದುಕೊಂಡು ಡಲ್ಲಾಸ್‌ನಿಂದ ಗ್ರ್ಯಾಂಡ್ ಕ್ಯಾನಿಯನ್‌ಗೆ: ಬೆನ್ನು ಉಳಿಸಿಕೊಳ್ಳುವ ಬಗೆ

ಡಲ್ಲಾಸ್‌ನಿಂದ ಗ್ರ್ಯಾಂಡ್ ಕ್ಯಾನಿಯನ್‌ಗೆ ಫಿಫ್ತ್ ವೀಲ್ ಕ್ಯಾಂಪರ್, ಅಂದರೆ ಪಿಕಪ್ ಟ್ರಕ್ಕಿನ ಹಿಂದಿನ ತೊಟ್ಟಿಯೊಳಗಿನ ಕೊಂಡಿಗೆ ಸಿಕ್ಕಿಸುವ ಮನೆಗಾಡಿ, ಎಳೆದುಕೊಂಡು ಹೊರಡುವವರಿಗೆ ಕಣಿವೆಯ ಅಂದವನ್ನು ವರ್ಣಿಸುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಒಂದು ಕಡೆಗೇ ಸಾವಿರ ಮೈಲಿ ಮೀರುವ ಈ ದಾರಿಯಲ್ಲಿ ಬೆನ್ನಿನ ಗತಿ ಏನಾಗುತ್ತದೆ ಎಂಬುದನ್ನು ಮಾತ್ರ ಯಾರೂ ಮೊದಲೇ ಹೇಳುವುದಿಲ್ಲ. ಊರಿನಿಂದ ಬಂದಿದ್ದ ಅತ್ತೆ ಮಾವನವರನ್ನು ಟ್ರಕ್ಕಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗಿದ್ದರಿಂದ, ನನ್ನ ಗಮನ ನೋಟಗಳಿಗಿಂತ ಗಾಡಿಯ ಒದೆತದ ಮೇಲೆಯೇ ಹೆಚ್ಚಾಗಿತ್ತು. ಹಿರಿಯರನ್ನು ಕ್ಯಾಂಪರಿನ ಹಾಸಿಗೆಯ ಮೇಲೆ ಮಲಗಿಸಿ ಕರೆದೊಯ್ಯಬಹುದಲ್ಲ ಎಂದು ಕೆಲವರು ಸಲಹೆ ಕೊಟ್ಟರು. ಅಲ್ಲಿ ಸೀಟ್ ಬೆಲ್ಟ್ ಇರುವುದಿಲ್ಲ, ಹಲವು ರಾಜ್ಯಗಳಲ್ಲಿ ಅದು ಕಾನೂನಿಗೂ ವಿರುದ್ಧ. ಆ ಯೋಚನೆಯನ್ನೇ ಬಿಡಿ.

ಹೊರಡುವ ಮುನ್ನ, ಒದೆತದ ಕಾಟವಿದೆ ಎಂದು ಮನೆಯ ಹತ್ತಿರದ ಒಂದು ಟ್ರೇಲರ್ ಅಂಗಡಿಗೆ ಗಾಡಿಯನ್ನು ಕೊಟ್ಟಿದ್ದೆವು. ಅವರು ಗಾಳಿಚೀಲವಿರುವ ಹೊಸ ಪಿನ್ ಬಾಕ್ಸ್ (ಟ್ರೇಲರಿನ ಮುಂಭಾಗದಲ್ಲಿ ಟ್ರಕ್ಕಿಗೆ ಕೂಡುವ ಪೆಟ್ಟಿಗೆ) ಕೂರಿಸಿ, ಕೂಲಿಯನ್ನು ಬೇರೆಯಾಗಿ ಸೇರಿಸಿ, ಸಾವಿರ ಡಾಲರಿಗೂ ಸಾಕಷ್ಟು ಮೇಲಿನ ಬಿಲ್ಲನ್ನು ಕೈಗಿತ್ತರು. ಅಷ್ಟು ಹಣ ಪಡೆದವರಲ್ಲಿ ಒಬ್ಬರೂ ಗಾಡಿಯ ಅಡಿಗೆ ಮಲಗಿ ನೋಡಿರಲಿಲ್ಲ ಎಂಬುದು ಯು.ಎಸ್. 287 ಹೆದ್ದಾರಿಯಲ್ಲಿ ವಿಚಿಟಾ ಫಾಲ್ಸ್ ತಲುಪುವಷ್ಟರಲ್ಲಿ ಸ್ಪಷ್ಟವಾಯಿತು. ಕಾಂಕ್ರೀಟಿನ ಪ್ರತಿ ಜೋಡಣೆಯಲ್ಲೂ ಟ್ರೇಲರ್ ನಮ್ಮನ್ನು ಹಿಂದಕ್ಕೆ ಜಗ್ಗಿ ಮುಂದಕ್ಕೆ ನೂಕುತ್ತಲೇ ಇತ್ತು. ಫೋನ್ ಮಾಡಿದರೆ, ಫಿಫ್ತ್ ವೀಲ್ ಎಂದಮೇಲೆ ಅದೆಲ್ಲ ಸಹಜ ಎಂಬ ಉತ್ತರ ಬಂತು.

ಸಹಜವೇನೂ ಅಲ್ಲ. ಒದೆತದಲ್ಲಿ ಎರಡು ಬಗೆಯಿದ್ದು, ಒಂದರ ಮದ್ದು ಇನ್ನೊಂದಕ್ಕೆ ಹಿಡಿಯುವುದಿಲ್ಲ. ಅರ್ಧ ನೀರು ತುಂಬಿದ ಬಾಟಲಿಯೊಂದನ್ನು ಮುಂದಿನ ಸೀಟುಗಳ ನಡುವೆ ಇಟ್ಟು ನೋಡಿ. ನೀರು ಮೇಲಕ್ಕೆ ಚಿಮ್ಮುತ್ತಿದ್ದರೆ ತೊಂದರೆ ಹೆಚ್ಚಾಗಿ ಸ್ಪ್ರಿಂಗ್, ಟಯರ್ ಅಥವಾ ಶಾಕ್ ಅಬ್ಸಾರ್ಬರಿನದು. ಅನೇಕ ಕ್ಯಾಂಪರ್‌ಗಳಿಗೆ ಕಾರ್ಖಾನೆಯಲ್ಲಿ ಶಾಕ್ ಅಬ್ಸಾರ್ಬರನ್ನೇ ಹಾಕಿರುವುದಿಲ್ಲ. ನೀರು ಮುಂದಿನ ಗೋಡೆಗೂ ಹಿಂದಿನ ಗೋಡೆಗೂ ಬಡಿಯುತ್ತಿದ್ದರೆ ಎಲ್ಲೋ ಸಡಿಲವಿದೆ ಎಂದು ತಿಳಿಯಬೇಕು. ಪಿನ್ ಬಾಕ್ಸಿನಿಂದ ಕೆಳಕ್ಕೆ ಇಳಿಯುವ ಎರಡು ಇಂಚು ದಪ್ಪದ ಕಿಂಗ್‌ಪಿನ್ನಿಗೂ ಅದನ್ನು ಕಚ್ಚಿ ಹಿಡಿಯುವ, ಟ್ರಕ್ಕಿನಲ್ಲಿರುವ ಹಿಚ್ಚಿನ (ಕೊಂಡಿಯ) ದವಡೆಗೂ ನಡುವೆ ಸಂದು ಬಿದ್ದಿರಬಹುದು, ಆಕ್ಸಲಿನ ಸ್ಪ್ರಿಂಗ್ ಬೋಲ್ಟುಗಳನ್ನು ಸುತ್ತುವ ಬುಷ್‌ಗಳು ಸವೆದಿರಬಹುದು, ಇಲ್ಲವೇ ಟ್ರೇಲರಿನ ಬ್ರೇಕು ತಡವಾಗಿ ಹಿಡಿಯುತ್ತಿರಬಹುದು. ಗಾಳಿಚೀಲದ ಪಿನ್ ಬಾಕ್ಸ್ ಮುಖ್ಯವಾಗಿ ಮೇಲೆ ಕೆಳಗಿನ ಕುಲುಕಾಟವನ್ನು ನುಂಗುತ್ತದೆ. ಹಿಂದೆ ಮುಂದಿನ ಜಗ್ಗಾಟಕ್ಕೆ ರಬ್ಬರ್ ದಿಂಬುಗಳಿರುವ ಪಿನ್ ಬಾಕ್ಸ್ ಮೇಲು, ಆದರೆ ಅದನ್ನೂ ಸಡಿಲವನ್ನೆಲ್ಲ ಬಿಗಿ ಮಾಡಿದ ನಂತರವೇ ಕೊಳ್ಳಬೇಕು.

ಅದೇ ದಾರಿಯ ಅಮರಿಲ್ಲೊ ಊರಿನ ಸಣ್ಣ ಗ್ಯಾರೇಜೊಂದರಲ್ಲಿ ಮುದುಕ ಮೆಕ್ಯಾನಿಕ್ ಏನನ್ನೂ ಕೇಳದೆ ಮೊದಲು ನೆಲದ ಮೇಲೆ ಮಲಗಿದರು. ಸ್ಪ್ರಿಂಗ್ ಪಟ್ಟಿಯನ್ನು ಹಿಡಿದಿರುವ ಬೋಲ್ಟೊಂದನ್ನು ಬಿಚ್ಚಿ ನನ್ನ ಅಂಗೈಗೆ ಹಾಕಿದರು: ಅದರ ಸುತ್ತ ಇರಬೇಕಾದ ಪ್ಲಾಸ್ಟಿಕ್ ಬುಷ್ ಕಾಗದದಷ್ಟು ತೆಳುವಾಗಿ ಒಂದು ಕಡೆ ಹರಿದುಹೋಗಿತ್ತು, ಬೋಲ್ಟಿನ ಹೊಟ್ಟೆಯಲ್ಲಿ ಬೆರಳಿಗೆ ಸಿಗುವಷ್ಟು ಹಳ್ಳ ಬಿದ್ದಿತ್ತು, ಸ್ಪ್ರಿಂಗನ್ನು ತೂಗುಹಾಕುವ ಕಬ್ಬಿಣದ ತೂಗುಪಟ್ಟಿಯ ದುಂಡು ತೂತು ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಎಲ್ಲವನ್ನೂ ತೆಗೆದು ಕಂಚಿನ ಬುಷ್, ಗ್ರೀಸ್ ತುಂಬಬಹುದಾದ ಬೋಲ್ಟ್, ದಪ್ಪನೆಯ ತೂಗುಪಟ್ಟಿಗಳನ್ನು ಹಾಕಿದರು. ಸಾಮಾನಿನ ಬೆಲೆ ಪಿನ್ ಬಾಕ್ಸಿನ ಹತ್ತಿರವೂ ಸುಳಿಯಲಿಲ್ಲ, ಜಗ್ಗಾಟ ಮಾತ್ರ ಮುಕ್ಕಾಲು ಪಾಲು ನಿಂತಿತು. ಹಣ ಉಳಿದಿದ್ದರೆ ಎರಡು ಆಕ್ಸಲುಗಳ ನಡುವೆ ಭಾರ ಹಂಚುವ ಈಕ್ವಲೈಸರನ್ನು ರಬ್ಬರ್ ಇರುವಂಥದಕ್ಕೆ ಬದಲಿಸಿ. ಗುಂಡಿಯ ಪೆಟ್ಟು ಅಲ್ಲಿಯೇ ಒಂದಿಷ್ಟು ಕರಗುತ್ತದೆ.

ತೂಕದ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಟ್ರಕ್ ನಿಲ್ದಾಣಗಳಲ್ಲಿರುವ ಕ್ಯಾಟ್ (CAT) ಕಂಪನಿಯ ತೂಕದಟ್ಟೆಯಲ್ಲಿ ಹದಿನೈದು ಡಾಲರ್ ಆಸುಪಾಸಿಗೆ ಟ್ರಕ್ಕಿನ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಆಕ್ಸಲುಗಳ ತೂಕಗಳನ್ನು ಬೇರೆಬೇರೆಯಾಗಿ ಕೊಡುತ್ತಾರೆ. ಟ್ರೇಲರಿನ ಒಟ್ಟು ತೂಕದಲ್ಲಿ ಶೇ. 15ರಿಂದ 25ರಷ್ಟು ಕಿಂಗ್‌ಪಿನ್ನಿನ ಮೇಲೆ ಕೂರಬೇಕು. 12,000 ಪೌಂಡಿನ ಗಾಡಿಗೆ ಶೇ. 20 ಎಂದರೆ 2,400 ಪೌಂಡ್, ಮತ್ತು ಅಷ್ಟನ್ನು ನಿಮ್ಮ ಟ್ರಕ್ ಹೊರಬಲ್ಲದೇ ಎಂಬುದು ಚಾಲಕನ ಬಾಗಿಲ ಕಂಬದ ಮೇಲಿನ ಚೀಟಿಯಲ್ಲಿ ಬರೆದಿರುತ್ತದೆ. ಸ್ಪ್ರಿಂಗಿಗೆ ಹೆಚ್ಚುವರಿ ಗಾಳಿಚೀಲ ಹಾಕಿಸಿದರೆ ಟ್ರಕ್ಕಿನ ಹಿಂಭಾಗ ಮೇಲೇಳುತ್ತದೆಯೇ ಹೊರತು ಆ ಚೀಟಿಯ ಅಂಕಿ ಏರುವುದಿಲ್ಲ. ಅಕ್ಕಿಮೂಟೆ, ಉಪ್ಪಿನಕಾಯಿ ಜಾಡಿಗಳನ್ನೆಲ್ಲ ಹಿಂದಿನ ಗೂಡಿಗೆ ತುಂಬಿದರೆ, ಹಿಂದೆ ಹೇರು ಹೆಚ್ಚಾದ ಎತ್ತಿನ ಗಾಡಿಯ ಮೂಕಿ ಎದ್ದಂತೆ ಪಿನ್ನಿನ ಭಾರ ಇಳಿದು ಕುಣಿತ ಶುರುವಾಗುತ್ತದೆ. ನೀರಿನ ತೊಟ್ಟಿಯೂ ಅಷ್ಟೆ: 50 ಗ್ಯಾಲನ್ ನೀರು 400 ಪೌಂಡಿಗೂ ಹೆಚ್ಚು ತೂಗುತ್ತದೆ, ಆದ್ದರಿಂದ ತೊಟ್ಟಿ ಆಕ್ಸಲಿನ ಮುಂದಿದೆಯೋ ಹಿಂದಿದೆಯೋ ತಿಳಿದುಕೊಂಡು ತುಂಬಿಸಿ. ಟಯರಿನ ಗಾಳಿಯನ್ನು ಈ ತೂಕಚೀಟಿ ಹಿಡಿದು, ಟಯರ್ ಕಂಪನಿಯ ಪಟ್ಟಿಯಂತೆ, ಬೆಳಿಗ್ಗೆ ತಣ್ಣಗಿರುವಾಗ ನೋಡಬೇಕು. ಮೆತ್ತಗಾಗಲಿ ಎಂದು ಪಟ್ಟಿಗಿಂತ ಕಡಿಮೆ ಗಾಳಿ ಬಿಟ್ಟರೆ ಟಯರ್ ಕಾದು ಸಿಡಿಯಬಹುದು.

ವೇಗ 65 ಮೈಲಿ ದಾಟದಿರಲಿ. ಕಾಂಕ್ರೀಟಿನ ತಾಳಕ್ಕೂ ಗಾಡಿಯ ತೂಗಾಟಕ್ಕೂ ಜೊತೆ ಕೂಡಿದಾಗ ನಾಲ್ಕೈದು ಮೈಲಿ ಇಳಿಸಿದರೆ ಸಾಕು, ಕುಣಿತ ತಪ್ಪುತ್ತದೆ. ಅಮರಿಲ್ಲೊ ಸೀಮೆಯಲ್ಲಿ, ಅದರಲ್ಲೂ ವಸಂತ ಕಾಲದಲ್ಲಿ, ಮಧ್ಯಾಹ್ನದ ಮೇಲೆ ಅಡ್ಡಗಾಳಿ ಬಲವಾಗುವುದರಿಂದ ನಸುಕಿನಲ್ಲೇ ಹೊರಡುವುದು ಒಳ್ಳೆಯದು.

ಅಮರಿಲ್ಲೊದಿಂದ ಪಶ್ಚಿಮಕ್ಕೆ ಸುಮಾರು 35 ಮೈಲಿ ದೂರದ ವೇಗಾ ಎಂಬ ಪುಟ್ಟ ಊರಿನ ಟ್ರಕ್ ನಿಲ್ದಾಣದಲ್ಲಿ ಪಂಜಾಬಿ ಅಡುಗೆಮನೆಯಿದೆ. ಇದನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಲಾರಿಗಳಿಗೆಂದೇ ಮಾಡಿದ ಅಂಗಳವಾದ್ದರಿಂದ ಉದ್ದನೆಯ ಗಾಡಿಯನ್ನು ರಿವರ್ಸ್ ತೆಗೆಯುವ ಗೋಳಿಲ್ಲ. ಇಂಟರ್‌ಸ್ಟೇಟ್ 40ರ ಸರ್ದಾರ್ಜಿ ಚಾಲಕರು ಉಣ್ಣುವ ಜಾಗವಾದ್ದರಿಂದ ರೊಟ್ಟಿ ಕಾವಲಿಯಿಂದ ನೇರವಾಗಿ ತಟ್ಟೆಗೆ ಬರುತ್ತದೆ, ಬೇಳೆಗೆ ಬೆಳ್ಳುಳ್ಳಿ ಒಗ್ಗರಣೆಯನ್ನು ಕಣ್ಣೆದುರೇ ಕೊಡುತ್ತಾರೆ. ಮನೆಯಿಂದ ತಂದ ಚಿತ್ರಾನ್ನವಲ್ಲದೆ ಬೇರೇನನ್ನೂ ಮುಟ್ಟದಿದ್ದ ಅತ್ತೆಯವರು ಅಲ್ಲಿ ಎರಡನೆಯ ಆಲೂ ಪರಾಠ ಕೇಳಿ ಹಾಕಿಸಿಕೊಂಡರು, ಚಹಾ ಸಿಹಿ ಹೆಚ್ಚಾಯಿತು ಎಂದು ಗೊಣಗುತ್ತಲೇ ಕುಡಿದು ಮುಗಿಸಿದರು. ಪ್ಲಾಸ್ಟಿಕ್ ಕುರ್ಚಿ, ಡೀಸೆಲ್ ವಾಸನೆ, ನಿಲ್ಲದ ಗದ್ದಲ ನನಗೆ ಅಡ್ಡಿಯಾಗಲಿಲ್ಲ; ಆಗುವವರು ಕಟ್ಟಿಸಿಕೊಂಡು ಹೋಗಬಹುದು. ಅದೇ ದಾರಿಯಲ್ಲಿ ಹೆದ್ದಾರಿಗೆ ಅಂಟಿಕೊಂಡಿದ್ದ ಒಂದು ಕ್ಯಾಂಪಿನಲ್ಲಿ ದುಬಾರಿ ಬಾಡಿಗೆ ತೆಗೆದುಕೊಂಡು ಇಳಿಜಾರಿನ ಜಲ್ಲಿ ನೆಲ ಕೊಟ್ಟರು. ಪಕ್ಕದ ಹಳಿಯ ಮೇಲೆ ಗೂಡ್ಸ್ ರೈಲುಗಳು ರಾತ್ರಿಯಿಡೀ ಓಡಿದವು. ಗ್ಯಾಲಪ್, ವಿನ್ಸ್‌ಲೋ, ಫ್ಲ್ಯಾಗ್‌ಸ್ಟಾಫ್‌ಗಳಲ್ಲೂ ಹಳಿ ಊರೊಳಗೇ ಹಾದುಹೋಗುವುದರಿಂದ, ಜಾಗ ಗೊತ್ತು ಮಾಡುವ ಮುನ್ನ ನಕ್ಷೆಯಲ್ಲಿ ರೈಲು ಹಾದಿಯನ್ನು ನೋಡಿಕೊಳ್ಳಿ.

ಅರಿಜೋನಾದಲ್ಲಿ ಫ್ಲ್ಯಾಗ್‌ಸ್ಟಾಫ್ ಸುಮಾರು 7,000 ಅಡಿ ಎತ್ತರದಲ್ಲಿದ್ದು, ಚಳಿಗಾಲದ ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿ ಅಲ್ಲಿನ ಹೆದ್ದಾರಿಯನ್ನು ಒಡೆಯುತ್ತದೆ. ಭಾರದ ಲಾರಿಗಳು ತುಳಿಯುವ ಬಲಗಡೆಯ ಸಾಲಿನಲ್ಲೇ ಗುಂಡಿಗಳು ಹೆಚ್ಚಿದ್ದವು. ಅಲ್ಲಿಗೆ ಮುಟ್ಟುವ ಮೊದಲೇ ಟ್ರೇಲರಿನ ಬ್ರೇಕು ಎಷ್ಟು ಬಲವಾಗಿ ಹಿಡಿಯಬೇಕೆಂದು ಟ್ರಕ್ಕಿನೊಳಗಿಂದಲೇ ಹೊಂದಿಸುವ ಬ್ರೇಕ್ ಕಂಟ್ರೋಲರನ್ನು ಸರಿಹೊಂದಿಸಿಕೊಳ್ಳಿ: ಒಣಗಿದ ಸಮತಟ್ಟು ಜಾಗದಲ್ಲಿ 20–25 ಮೈಲಿ ವೇಗದಲ್ಲಿ ಟ್ರೇಲರ್ ಬ್ರೇಕನ್ನು ಮಾತ್ರ ಒತ್ತುತ್ತ, ಚಕ್ರ ಕಚ್ಚಿಕೊಳ್ಳುವವರೆಗೆ ಏರಿಸಿ, ಅಲ್ಲಿಂದ ತುಸು ಇಳಿಸಿದರೆ ಸರಿ. ದಾರಿಯಲ್ಲಿ ಬುಷ್ ಬದಲಿಸಲು ಚಕ್ರ ಕಳಚಿದ್ದರೆ 10, 25, 50 ಮೈಲಿಗಳಲ್ಲಿ ನಿಲ್ಲಿಸಿ ನಟ್ಟುಗಳನ್ನು ಟಾರ್ಕ್ ಸ್ಪ್ಯಾನರಿನಿಂದ ಮತ್ತೆ ಬಿಗಿ ಮಾಡಿ. ಗ್ಯಾರೇಜಿನವರು ಬಿಗಿ ಮಾಡಿಕೊಟ್ಟಿದ್ದರೂ ಸರಿಯೇ.