ಟೊಳ್ಳು ಸದ್ದು ಮಾಡಿದ ಮೂರು ಟೈಲ್ಸ್

ಗ್ರೌಟ್ ಪುಡಿ, ಬಕೆಟ್, ಸ್ಪಂಜು ಎಲ್ಲ ಬಾಗಿಲ ಹತ್ತಿರ ತಂದಿಟ್ಟುಕೊಂಡಿದ್ದೆ. ಟೈಲ್ಸ್ ಕೂರಿಸಿ ಪೂರ್ತಿ ಒಂದು ದಿನ ಆಗಿತ್ತು. ಗ್ರೌಟ್ ಕಲಸಿ ಟೈಲ್ಸ್ ನಡುವಿನ ಸಂದು ತುಂಬಿಬಿಟ್ಟರೆ ಬಚ್ಚಲುಮನೆ ನೆಲ ಮುಗಿದಂತೆ. ಅದಕ್ಕೆ ಮೊದಲು ಒಂದು ಸಲ ನೋಡೋಣ ಅಂತ ಕರಣೆಯ ಹಿಡಿಯಿಂದ ಒಂದೊಂದನ್ನೇ ತಟ್ಟುತ್ತಾ ಬಂದೆ. ಎಲ್ಲ ಕಡೆ ಗಟ್ಟಿ ಸದ್ದು. ನೀರು ಹೋಗುವ ಜಾಲರಿಯ ಹತ್ತಿರ ಮಾತ್ರ ಮೂರು ಟೈಲ್ಸ್ ಟೊಳ್ಳಾಗಿ ಕೇಳಿಸಿದವು.

ಮನೆಯಲ್ಲಿ ಎಲ್ಲರೂ ಹೇಳಿದ್ದು ಒಂದೇ, "ನೋಡೋಕೆ ಚೆನ್ನಾಗೇ ಇದೆಯಲ್ಲ, ಬಿಡು". ಬಿಡಬಹುದಿತ್ತು. ಆದರೆ ದಿನಾ ನೀರು ಬೀಳುವ, ತುಂಬಿದ ಬಕೆಟ್ ಇಡುವ ಜಾಗ ಅದು. ಅಡಿಯಲ್ಲಿ ಆಧಾರ ಇಲ್ಲದ ಟೈಲ್ ಒಂದು ದಿನ ಬಿರುಕು ಬಿಡಬಹುದು, ಇಲ್ಲವೇ ಸುತ್ತಲಿನ ಗ್ರೌಟ್ ಉದುರಬಹುದು. ಗ್ರೌಟ್ ಹಾಕಿದ ಮೇಲೆ ಎಬ್ಬಿಸಲು ಹೋದರೆ ಪಕ್ಕದವಕ್ಕೂ ಪೆಟ್ಟು. ಈಗಲೇ ಎಬ್ಬಿಸುವುದು ವಾಸಿ ಅನ್ನಿಸಿತು.

ತೆಳ್ಳನೆಯ ಉಳಿಯನ್ನು ಸಂದಿಗೆ ತೂರಿಸಿ ನಿಧಾನಕ್ಕೆ ಮೀಟಿದೆ. ಜಾಸ್ತಿ ಒದ್ದಾಡಿಸದೆ ಎದ್ದು ಬಂತು. ಅಂಟು ಹರಡುವಾಗ ಹಲ್ಲಿನ ಕರಣೆಯಲ್ಲಿ ಎಳೆದ ಗೆರೆಗಳು ನೆಲದ ಮೇಲೆ ಎಳೆದ ಹಾಗೇ ನಿಂತಿದ್ದವು, ಟೈಲ್ ಬೆನ್ನು ಹೊಸದರಂತೆ ಚೊಕ್ಕವಾಗಿತ್ತು. ಅಂಟು ಹಿಡಿದೇ ಇರಲಿಲ್ಲ. ಹಿಂದಿನ ದಿನದ್ದು ಆಗ ನೆನಪಾಯಿತು. ಅಲ್ಲಿ ಅಂಟು ಹರಡಿದ ಮೇಲೆ ಜಾಲರಿಯ ಅಳತೆಗೆ ಕತ್ತರಿಸಲು ಕೂತಿದ್ದೆ, ಒಂದರ ಮೂಲೆ ಒಡೆದು ಇನ್ನೊಂದು ಕತ್ತರಿಸಿ, ಆಮೇಲೆ ಇಳಿಜಾರು ಸರಿ ಇದೆಯಾ ಅಂತ ಮಟ್ಟ ಇಟ್ಟು ನೋಡಿ, ಅಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು. ಹರಡಿದ ಅಂಟಿನ ಮೇಲೆ ಟೈಲ್ ಕೂರಿಸಲು ಸಾಮಾನ್ಯವಾಗಿ ಸುಮಾರು 20 ನಿಮಿಷ ಸಮಯ, ಬಿಸಿಲು ಗಾಳಿ ಇದ್ದರೆ ಅಷ್ಟೂ ಇಲ್ಲ. ಮೇಲೆ ತೆಳ್ಳಗೆ ಕೆನೆ ಕಟ್ಟುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಬೆರಳಿಟ್ಟು ನೋಡಬೇಕು. ಬೆರಳಿಗೆ ಮೆತ್ತಲಿಲ್ಲ ಅಂದರೆ ಕೆರೆದು ಹೊಸದು ಹಾಕಬೇಕು. ನೀರು ಚಿಮುಕಿಸಿ ಮತ್ತೆ ಹಸಿ ಮಾಡುವ ಆಸೆಗೆ ಹೋಗಬಾರದು.

ಹಳೆಯ ಅಂಟು ಕೆರೆಯಲು ಮಧ್ಯಾಹ್ನದವರೆಗೆ ಹಿಡಿಯಿತು. ಕೆಳಗಿನ ವಾಟರ್‌ಪ್ರೂಫಿಂಗ್ ಪದರಕ್ಕೆ ಗೀರು ಬೀಳಬಾರದಲ್ವಾ, ಅದಕ್ಕೇ ಅಷ್ಟು ನಿಧಾನ. ಈ ಸಲ ಮೂರಕ್ಕೆ ಸಾಕಾಗುವಷ್ಟೇ ಕಲಸಿದೆ. ನೆಲದ ಮೇಲೆ ಒಂದೇ ದಿಕ್ಕಿಗೆ ಗೆರೆ ಎಳೆದು, ಟೈಲ್ ಬೆನ್ನಿಗೂ ತೆಳ್ಳಗೆ ಸವರಿ, ಗೆರೆಗೆ ಅಡ್ಡಲಾಗಿ ಸ್ವಲ್ಪ ಜರುಗಿಸುತ್ತಾ ಒತ್ತಿದೆ. ಮೊದಲನೆಯದನ್ನು ಕೂರಿಸಿದ ಕೂಡಲೇ ಎತ್ತಿ ನೋಡಿದೆ. ಬೆನ್ನ ತುಂಬ ಅಂಟು. ಎಷ್ಟು ಖುಷಿಯಾಯಿತು ಅಂದರೆ, ಮನೆಯವರನ್ನೆಲ್ಲ ಕರೆದು ತೋರಿಸಿ ಆಮೇಲೆ ವಾಪಸ್ ಕೂರಿಸಿದೆ.

ಗ್ರೌಟ್ ಮಾರನೆಯ ದಿನಕ್ಕೆ ಹೋಯಿತು. ತಟ್ಟಿ ನೋಡಿಯೇ ಶುರು ಮಾಡಿದ್ದು. 3 ಮಿ.ಮೀ. ಸಂದು, ರಬ್ಬರ್ ಹಲಗೆಯನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆದರೆ ತುಂಬಿದ್ದು ಎದ್ದು ಬರುವುದಿಲ್ಲ. ಸ್ಪಂಜನ್ನು ಮಾತ್ರ ಚೆನ್ನಾಗಿ ಹಿಂಡಲೇಬೇಕು, ನೀರು ಜಾಸ್ತಿಯಾದರೆ ಒಣಗಿದ ಮೇಲೆ ಬಣ್ಣ ಅಲ್ಲಲ್ಲಿ ಬಿಳಚಿಕೊಳ್ಳುತ್ತದೆ. ಗೋಡೆ ಮತ್ತು ನೆಲ ಸೇರುವ ಕಡೆ ಗ್ರೌಟ್ ಹಾಕದೆ ಸಿಲಿಕೋನ್ ಹಾಕಿದೆ, ಎರಡೂ ಬೇರೆ ಬೇರೆಯಾಗಿ ಅಲುಗುವುದರಿಂದ ಅಲ್ಲಿ ಗ್ರೌಟ್ ಬಿರಿಯುತ್ತದೆ.

ಉಳಿದ ನಾಲ್ಕು ಟೈಲ್ಸನ್ನು ಪೆಟ್ಟಿಗೆಯ ಮೇಲಿನ ಬ್ಯಾಚ್ ನಂಬರ್ ಸಮೇತ ಅಟ್ಟದ ಮೇಲೆ ಇಟ್ಟಿದ್ದೇನೆ.