ಗ್ಲಾಸ್ ಬದಲಾಯಿಸುವ ಹತ್ತು ನಿಮಿಷದ ಕೆಲಸ

ಕಳೆದ ವರ್ಷ ನಮ್ಮ ಗ್ಯಾಲರಿಯಲ್ಲಿ ಇಬ್ಬರು ಕಲಾವಿದರ ಶೋ ಇತ್ತು. ಇಬ್ಬರೂ ತಂತಮ್ಮ ಮನೆಯ ಕಥೆಯನ್ನೇ ತಂದಿದ್ದರು. ಮೇಡಂ ಸಾಗರದ ಕಡೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಅವರ ಅಜ್ಜನ ಮನೆ, ಅಡಿಕೆ ತೋಟ ಎಲ್ಲ ಶರಾವತಿ ಹಿನ್ನೀರಿನಡಿ ಹೋಯಿತು. ಸರ್ ಕೆಜಿಎಫ್‌ನವರು. ಅಪ್ಪ ಚಾಂಪಿಯನ್ ರೀಫ್‌ನಲ್ಲಿ ಕೆಳಗಿಳಿದು ದುಡಿದವರು, 2001ರ ಫೆಬ್ರವರಿ 28ಕ್ಕೆ ಗಣಿಗೆ ಬೀಗ ಬೀಳುವವರೆಗೂ. ಇಬ್ಬರನ್ನೂ ಸೇರಿಸಿದ್ದು ಕರೆಂಟು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಹೋದದ್ದು ಕೆಜಿಎಫ್ ಗಣಿಗೆ, ಶರಾವತಿ ಕಣಿವೆಯ ಊರುಗಳು ಮುಳುಗಿದ್ದೂ ಕರೆಂಟಿಗಾಗಿಯೇ. ಒಂದು ಗೋಡೆಗೆ ಸೈನೈಡ್ ಗುಡ್ಡಗಳ, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಗಣಿ ಪುಡಿಯ ರಾಶಿಗಳ, ದೊಡ್ಡ ಇದ್ದಿಲು ಚಿತ್ರಗಳು, ಎದುರಿನ ಗೋಡೆಗೆ ಮೇಡಂ ಮನೆತನದ ಹನ್ನೊಂದು ಫ್ರೇಮು. ಇಷ್ಟು ಮನಸ್ಸಿಟ್ಟು ನಾನು ಯಾವ ಶೋಗೂ ಕೆಲಸ ಮಾಡಿರಲಿಲ್ಲ. ಅದಕ್ಕೇ ಇದು ಇನ್ನೂ ಚುಚ್ಚುತ್ತದೆ.

ಗುರುವಾರ ರಾತ್ರಿ ಎಂಟೂವರೆ. ಮರುದಿನ ಸಂಜೆ ಓಪನಿಂಗ್. ಸ್ಪಾಟ್ ಲೈಟ್ ಸೆಟ್ ಮಾಡುವಾಗ ಏಳನೇ ಫ್ರೇಮಿನ ಮೂಲೆಯಲ್ಲಿ ಗಾಜು ಸೀಳಿದ್ದು ಕಾಣಿಸಿತು. ಮುಳುಗಡೆಗೆ ಮುಂಚೆ, ಜಗಲಿಯ ಮೇಲೆ ಮನೆಯವರನ್ನೆಲ್ಲ ಕೂರಿಸಿ ತೆಗೆಸಿದ ಕಪ್ಪು-ಬಿಳುಪು ಫೋಟೋ ಅದು. ಆ ಮನೆಯದು ಇರುವುದು ಅದೊಂದೇ ಚಿತ್ರ, ನೆಗೆಟಿವ್ ಇಲ್ಲ. ಫ್ರೇಮು ಬಂದಾಗ ಅದರ ಸ್ಥಿತಿ ಬರೆದಿಡುವ ಕಂಡಿಷನ್ ರಿಪೋರ್ಟ್‌ನಲ್ಲಿ ‘ಗುಡ್’ ಅಂತ ಟಿಕ್ ಆಗಿತ್ತು. ಟಿಕ್ ಮಾಡಿದ್ದು ನಾನೇ, ಟೆಂಪೋದಿಂದ ಇಳಿಸಿದ ದಿನ, ಟ್ಯೂಬ್‌ಲೈಟ್ ಪ್ರತಿಫಲಿಸುವ ಗಾಜಿನ ಮೇಲೆ ಮೊಬೈಲ್ ಫೋಟೋ ಹೊಡೆದುಕೊಂಡು. ಮ್ಯಾನೇಜರ್ ಬಂದು ನೋಡಿ, ‘ಒಡೆದ ಗ್ಲಾಸ್ ಇಟ್ಕೊಂಡು ಓಪನಿಂಗ್ ಮಾಡೋಕಾಗಲ್ಲ, ಬದಲಾಯಿಸಿ’ ಅಂದರು. ನೂರಾರು ಸಲ ಮಾಡಿದ ಕೆಲಸ. ಮೇಡಂಗೆ ಒಂದು ಫೋನ್ ಮಾಡಬೇಕು ಅಂತ ನನಗೂ ಹೊಳೆಯಲಿಲ್ಲ.

ಸ್ಟೋರಿನ ಮೇಜಿನ ಮೇಲೆ ಫ್ರೇಮನ್ನು ಬೋರಲು ಹಾಕಿ ಮೊಳೆ ಕಿತ್ತೆ, ಹಿಂದಿನ ರಟ್ಟು ತೆಗೆದೆ. ಹಳೇ ಕಾಲದ ಕಟ್ಟು, ಫೋಟೋವನ್ನು ಗಾಜಿನಿಂದ ದೂರ ಇಡುವ ರಟ್ಟಿನ ಮೌಂಟ್ ನಡುವೆ ಇಲ್ಲ, ಫೋಟೋ ನೇರ ಗಾಜಿಗೇ ತಾಗಿಕೊಂಡಿತ್ತು. ಎತ್ತಿ ಬೆಳಕಿಗೆ ಹಿಡಿದಾಗ ಜಗಲಿಯ ಎಡಭಾಗದಲ್ಲಿ ರೂಪಾಯಿ ನಾಣ್ಯದಷ್ಟು ಜಾಗ ಒದ್ದೆಯಾದಂತೆ ಕಪ್ಪಗೆ ಹೊಳೆಯುತ್ತಿತ್ತು. ನೋಡಿದೆ. ನೋಡಿಯೂ ಗಾಜಿನ ಕೊಳೆ ಅಂದುಕೊಂಡೆ. ಮೂಲೆ ಹಿಡಿದು ಮೆಲ್ಲಗೆ ಎತ್ತಿದೆ. ಸಲೀಸಾಗಿ ಬಂತು, ಅರ್ಧದವರೆಗೂ. ಆಮೇಲೆ ಒಣಗಿದ ಬಾಳೆಪಟ್ಟೆ ಸೀಳಿದಂಥ ಒಂದು ಸಣ್ಣ ಸದ್ದು.

ಕೈ ಅಲ್ಲೇ ನಿಂತಿತು. ಕೆಳಗಿಡಲೂ ಧೈರ್ಯವಿಲ್ಲ, ಎತ್ತಲೂ ಇಲ್ಲ. ಗಾಜಿನ ಮೇಲೆ ಜಗಲಿಯ ಅಂಚು, ಅಜ್ಜಿಯ ಎಡಗೈ, ಬಳೆ ಸಮೇತ. ಫೋಟೋದಲ್ಲಿ ಅದೇ ಜಾಗ ಬರೀ ಬಿಳಿ ಕಾಗದ. ಮಲೆನಾಡಿನ ಮಳೆಗಾಲಗಳಲ್ಲಿ ಫೋಟೋದ ಮೇಲಿನ ಜೆಲಟಿನ್ ಪದರ ತೇವ ಕುಡಿದು ಗಾಜಿಗೆ ಅಂಟಿ, ಬೇಸಿಗೆಯಲ್ಲಿ ಒಣಗಿ ಅಂಟಿನಂತೆಯೇ ಗಟ್ಟಿಯಾಗುತ್ತದೆ. ಚಿತ್ರ ಇರುವುದೇ ಆ ಪದರದಲ್ಲಿ. ನೀರು ಹಾಕಿ ಬಿಡಿಸುತ್ತೇನೆ ಅಂತ ಹೋದರೆ ಉಳಿದದ್ದೂ ಹೋಗಬಹುದು. ಇಂಥದ್ದನ್ನು ಗಾಜಿನ ಸಮೇತವೇ ಸ್ಕ್ಯಾನ್ ಮಾಡಿ, ಹಳೇ ಚಿತ್ರಗಳನ್ನು ಉಳಿಸಿಕೊಡುವ ಕನ್ಸರ್ವೇಟರ್ ಕೈಗೆ ಕೊಡಬೇಕು. ಇದೆಲ್ಲ ನನಗೆ ತಿಳಿದದ್ದು ಮರುದಿನ.

ಮ್ಯಾನೇಜರ್ ಹೇಳಿದ್ದು, ಇನ್ವಿಟೇಶನ್‌ಗೆ ಮೇಡಂ ಕಳಿಸಿದ್ದ ಸ್ಕ್ಯಾನ್‌ನಿಂದ ಪ್ರಿಂಟ್ ತೆಗೆಸಿ ಹಾಕೋಣ, ಶೋ ಮುಗಿದ ಮೇಲೆ ಹೇಳಿದರಾಯಿತು ಅಂತ. ಒಂದು ಕ್ಷಣ ನಾನೂ ಒಪ್ಪಿದ್ದೆ. ಅದನ್ನು ಮುಚ್ಚಿಟ್ಟು ಇದನ್ನು ಬರೆಯಲಾರೆ. ಆ ಬಿಳಿ ಜಾಗ ಇನ್ನೊಮ್ಮೆ ಕಂಡಾಗ ಫೋನ್ ಮಾಡಿದೆ.

‘ಮೇಡಂ, ಜಗಲಿ ಫೋಟೋ ನನ್ನ ಕೈಯಲ್ಲಿ ಹಾಳಾಯ್ತು.’

‘ಯಾವ ಜಾಗ?’

‘ಅಜ್ಜಿಯ ಎಡಗೈ.’

ಆ ಕಡೆ ಫ್ಯಾನ್ ತಿರುಗುವ ಸದ್ದು ಮಾತ್ರ. ಆಮೇಲೆ, ‘ಯಾರೂ ಮುಟ್ಟಬೇಡಿ, ಬರ್ತೀನಿ.’

ಬಂದವರು ಬೈಯಲಿಲ್ಲ. ಗಾಜು, ಫೋಟೋ ಎರಡನ್ನೂ ಹಾಗೇ ಆಸಿಡ್-ಫ್ರೀ ಕಾಗದದಲ್ಲಿ ಸುತ್ತಿಸಿಕೊಂಡರು. ಮ್ಯಾನೇಜರ್ ಆಗ, ‘ಆ ಜಾಗ ಖಾಲಿ ಬಿಡೋಣ ಮೇಡಂ, ಥೀಮ್‌ಗೂ ಹೊಂದುತ್ತೆ’ ಅಂದರು. ಮೇಡಂ ದನಿ ಏರಿದ್ದು ಆಗ ಒಂದೇ ಸಲ. ‘ನಮ್ಮನೆಯಲ್ಲಿ ಕಳೆದದ್ದು ನಿಮ್ಮ ಗೋಡೆಗೆ ಅಲಂಕಾರ ಆಗೋದು ಬೇಡ. ಹತ್ತೇ ಹಾಕಿ.’

ಹತ್ತು ಹಾಕುವುದೆಂದರೆ ಇಡೀ ಗೋಡೆಯ ಲೆಕ್ಕ ಹೊಸದಾಗಿ. ಫ್ರೇಮುಗಳ ನಡುಭಾಗ ನೆಲದಿಂದ ಎಷ್ಟು ಎತ್ತರಕ್ಕಿರಬೇಕು ಅನ್ನುವ 57 ಇಂಚಿನ ಸೆಂಟರ್ ಲೈನ್ ಬಿಟ್ಟು ಎಲ್ಲ ಬದಲಾಯಿತು. ಹಳೇ ತೂತುಗಳಿಗೆ ಪುಟ್ಟಿ, ಸ್ಯಾಂಡಿಂಗ್, ಮೇಲೊಂದು ಕೋಟ್. ಕೆಜಿಎಫ್ ಸರ್ ರಾತ್ರಿ ಒಂದೂವರೆವರೆಗೂ ಟೇಪ್ ಹಿಡಿದು ನಿಂತರು. ಹೊರಡುವಾಗ ಅವರು ಅಪ್ಪನ ಕ್ಯಾಪ್ ಲ್ಯಾಂಪನ್ನು ಪೆಡೆಸ್ಟಲ್ ಮೇಲಿಂದ ತಾವೇ ಎತ್ತಿ ಬ್ಯಾಗಿಗೆ ಹಾಕಿಕೊಂಡರು, ಬೆಳಿಗ್ಗೆ ತಂದು ತಾವೇ ಇಟ್ಟರು. ಯಾಕೆ ಅಂತ ನಾನು ಕೇಳಲಿಲ್ಲ.

ಓಪನಿಂಗ್‌ಗೆ ಮೇಡಂ ಅಮ್ಮ ಬಂದಿದ್ದರು. ಕೋಲೂರಿಕೊಂಡು ಗೋಡೆಯುದ್ದಕ್ಕೂ ನಡೆದರು, ಕೊನೆಗೆ ಮುಟ್ಟಿ ಮತ್ತೆ ಮೊದಲಿನಿಂದ ನೋಡುತ್ತಾ ಬಂದರು. ‘ಜಗಲೀದು ಎಲ್ಲಿ?’ ಮಗಳು, ‘ರಿಪೇರಿಗೆ ಕೊಟ್ಟಿದೀನಿ ಅಮ್ಮ’ ಅಂದರು. ನಾನು ಎರಡಡಿ ದೂರದಲ್ಲಿ ಲಿಸ್ಟ್ ಹಿಡಿದು ನಿಂತಿದ್ದೆ.

ಕಂಡಿಷನ್ ರಿಪೋರ್ಟ್ ಫಾರ್ಮಿನಲ್ಲಿ ‘ಗಾಜಿಗೆ ಅಂಟಿದೆಯೇ’, ‘ಬಿಚ್ಚಲು ಒಪ್ಪಿಗೆ ಇದೆಯೇ’ ಅಂತ ಎರಡು ಕಾಲಂ ಸೇರಿಸಿ ಅಂತ ಮೂರು ಸಲ ಮೇಲ್ ಹಾಕಿದೆ. ಈ ವರ್ಷದ ಫಾರ್ಮು ಅಚ್ಚಾಗಿ ಬಂದಿದೆ, ಲೋಗೋ ಹೊಸದು, ಕಾಲಂ ಹಳೆಯವೇ. ಹೊಸ ಶೋದ ಫ್ರೇಮುಗಳು ನಿನ್ನೆ ಇಳಿದವು. ಪ್ರತಿ ಹಾಳೆಯಲ್ಲೂ ಪೆನ್ನಿನಿಂದ ಎರಡು ಗೆರೆ ಎಳೆದುಕೊಂಡು, ಒಂದೊಂದನ್ನೂ ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ ತುಂಬಿದ್ದೇನೆ.