ಬಿಪಿ ಸರಿಯಿದ್ದರೂ ಈ ಮಾತ್ರೆ ಯಾಕೆ?

"ಬಿಪಿ ನೋಡಿಸಿದ್ದೇವೆ, ನೂರಾ ಹತ್ತು ಉಂಟು. ಮತ್ತೆ ಯಾಕೆ ಈ ಮಾತ್ರೆ? ಬಿಡಬಹುದಲ್ಲ?"

ಉಡುಪಿಯಲ್ಲಿ ಔಷಧದಂಗಡಿ ನಡೆಸುವ ನನಗೆ ಹೃದಯ ವೈಫಲ್ಯ ಇರುವವರಿಂದ, ಹೆಚ್ಚಾಗಿ ಅವರ ಮಕ್ಕಳಿಂದ, ಬರುವ ಪ್ರಶ್ನೆ ಇದು. ಅವರ ಕೈಯಲ್ಲಿರುವುದು ಸ್ಯಾಕ್ಯುಬಿಟ್ರಿಲ್ ಮತ್ತು ವಲ್ಸಾರ್ಟಾನ್ ಸೇರಿದ ಜೋಡಿ ಮಾತ್ರೆ. ಮೊದಲು ವೈಮಡಾದಂಥ ಎರಡು ಮೂರು ಹೆಸರಿನಲ್ಲಷ್ಟೇ ಸಿಗುತ್ತಿತ್ತು. 2023ರಿಂದ ಈಚೆಗೆ ಬೇರೆ ಬೇರೆ ಕಂಪನಿಗಳೂ ಮಾಡುತ್ತಿವೆ, ಬೆಲೆಯೂ ಇಳಿದಿದೆ.

ನನ್ನ ಉತ್ತರ: ನೀವಾಗಿಯೇ ಬಿಡಬೇಡಿ. ಇದನ್ನು ಕೊಟ್ಟದ್ದು ಬಿಪಿ ಇಳಿಸಲಿಕ್ಕಲ್ಲ. ಹೃದಯ ದುರ್ಬಲವಾಗಿ ರಕ್ತ ಸರಿಯಾಗಿ ಮುಂದೆ ಹೋಗದಿದ್ದಾಗ, ರಕ್ತವೇ ಕಡಿಮೆಯಾಗಿದೆ ಎಂದು ದೇಹ ತಪ್ಪು ತಿಳಿಯುತ್ತದೆ. ಉಪ್ಪು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ರಕ್ತನಾಳ ಬಿಗಿಮಾಡುತ್ತದೆ. ಸೋತ ಹೃದಯಕ್ಕೆ ಹೊರೆ ಇನ್ನೂ ಹೆಚ್ಚುತ್ತದೆ. ಇದಕ್ಕೆ ಎದುರಾಗಿ ಹೃದಯವೇ ಕೆಲವು ಹಾರ್ಮೋನುಗಳನ್ನು ಬಿಡುತ್ತದೆ. ಅವು ನೀರನ್ನು ಹೊರಗೆ ಹಾಕಿಸಿ ರಕ್ತನಾಳ ಸಡಿಲಿಸುತ್ತವೆ. ಆದರೆ ನೆಪ್ರಿಲೈಸಿನ್ ಎಂಬ ಕಿಣ್ವ ಅವನ್ನು ಬೇಗ ಒಡೆದುಹಾಕುತ್ತದೆ. ಸ್ಯಾಕ್ಯುಬಿಟ್ರಿಲ್ ಈ ಕಿಣ್ವವನ್ನು ತಡೆಯುತ್ತದೆ, ವಲ್ಸಾರ್ಟಾನ್ ರಕ್ತನಾಳ ಬಿಗಿಯಾಗುವುದನ್ನು ತಡೆಯುತ್ತದೆ. ಬಿಪಿ ಇಳಿಯುವುದು ಇದರ ಜೊತೆಗೆ ಬರುವ ಪರಿಣಾಮ. 2014ರಲ್ಲಿ ಸುಮಾರು 8,400 ರೋಗಿಗಳ ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಅದುವರೆಗೆ ಕೊಡುತ್ತಿದ್ದ ಎನಲಾಪ್ರಿಲ್‌ಗೆ ಹೋಲಿಸಿದರೆ, ಹೃದ್ರೋಗದಿಂದ ಸಾಯುವುದು ಅಥವಾ ಹೃದಯ ವೈಫಲ್ಯಕ್ಕಾಗಿ ಆಸ್ಪತ್ರೆ ಸೇರುವುದು ಶೇಕಡಾ 20ರಷ್ಟು ಕಡಿಮೆಯಾಗಿತ್ತು.

ಹಾಗಾಗಿ ತಲೆ ತಿರುಗುವುದಿಲ್ಲ, ನಡೆದಾಡಲಿಕ್ಕೆ ಆಗುತ್ತದೆ ಎಂದಾದರೆ ನೂರಾ ಹತ್ತು ಹೆದರುವ ಅಂಕೆಯಲ್ಲ. ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ವೈದ್ಯರಿಗೆ ಹೇಳಲೇಬೇಕು. ಆಗಲೂ ಅವರು ಕಡಿಮೆ ಮಾಡುವುದು ಬಹಳ ಸಲ ಬೇರೆಯದನ್ನೇ: ಮೂತ್ರ ಹೋಗಿಸುವ ಮಾತ್ರೆಯನ್ನು, ಬಿಪಿಗೆಂದು ಕೊಟ್ಟ ಹಳೆಯ ಆಮ್ಲೋಡಿಪಿನ್ ಅನ್ನು, ಪ್ರಾಸ್ಟೇಟಿಗೆ ಕೊಟ್ಟದ್ದನ್ನು.

ನನಗೆ ನಿಜವಾಗಿ ಭಯವಾಗುವುದು ಈ ಮಾತ್ರೆಯ ಬಗ್ಗೆ ಅಲ್ಲ, ಮನೆಯ ಡಬ್ಬಿಯಲ್ಲಿ ಅದರ ಪಕ್ಕದಲ್ಲಿ ಏನುಂಟು ಎಂಬುದರ ಬಗ್ಗೆ.

ಮೊದಲನೆಯದು ಬಿಪಿಗೂ ಹೃದಯಕ್ಕೂ ಕೊಡುವ ರಾಮಿಪ್ರಿಲ್, ಎನಲಾಪ್ರಿಲ್, ಲಿಸಿನೋಪ್ರಿಲ್, ಪೆರಿಂಡೋಪ್ರಿಲ್. ಹೆಸರು 'ಪ್ರಿಲ್' ಎಂದು ಮುಗಿಯುವ ಯಾವುದೂ ಈ ಮಾತ್ರೆಯ ಜೊತೆ ಕೂಡದು. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಕನಿಷ್ಠ 36 ಗಂಟೆ ಅಂತರ ಬೇಕು. ಕಾರಣ ಇಷ್ಟೇ: ಬ್ರಾಡಿಕೈನಿನ್ ಎಂಬ ವಸ್ತುವನ್ನು ನಮ್ಮ ದೇಹ ಒಡೆಯುವ ಮುಖ್ಯ ದಾರಿಗಳಲ್ಲಿ ಒಂದನ್ನು ಪ್ರಿಲ್ ಮುಚ್ಚುತ್ತದೆ, ಇನ್ನೊಂದನ್ನು ಸ್ಯಾಕ್ಯುಬಿಟ್ರಿಲ್ ಮುಚ್ಚುತ್ತದೆ. ಎರಡೂ ಒಟ್ಟಿಗೆ ಮುಚ್ಚಿದರೆ ಅದು ಶೇಖರವಾಗಿ ತುಟಿ, ನಾಲಿಗೆ, ಗಂಟಲು ಊದಿಕೊಳ್ಳಬಹುದು, ಉಸಿರೇ ಕಟ್ಟಬಹುದು. ಹಿಂದೆ ಪ್ರಿಲ್ ತೆಗೆದುಕೊಂಡು ಹೀಗೆ ಊದಿಕೊಂಡವರಿಗೆ ಈ ಜೋಡಿ ಮಾತ್ರೆಯನ್ನು ಕೊಡುವುದೇ ಇಲ್ಲ. ಅದನ್ನು ವೈದ್ಯರು ಕೇಳದಿದ್ದರೂ ನೀವು ಹೇಳಿ. ಮುಖ, ನಾಲಿಗೆ ಊದಲು ಶುರುವಾದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಓಡಬೇಕು.

ಇದು ಪುಸ್ತಕದ ಎಚ್ಚರಿಕೆ ಮಾತ್ರ ಅಲ್ಲ. ನಮ್ಮಲ್ಲಿ ಹೃದಯಕ್ಕೆ ತೋರಿಸುವುದು ಮಣಿಪಾಲದಲ್ಲೋ ಮಂಗಳೂರಿನಲ್ಲೋ, ಬಿಪಿ ಶುಗರ್‌ಗೆ ಊರಿನ ಡಾಕ್ಟರು, ಮಂಡಿನೋವಿಗೆ ಮತ್ತೊಬ್ಬರು. ಮೂರು ಚೀಟಿಗಳನ್ನು ಒಟ್ಟಿಗೆ ಇಟ್ಟು ನೋಡುವವರು ಯಾರೂ ಇರುವುದಿಲ್ಲ. ಊರಿನ ಡಾಕ್ಟರ ಚೀಟಿಯಲ್ಲಿ ರಾಮಿಪ್ರಿಲ್ ಹಾಗೆಯೇ ಉಳಿದಿರುತ್ತದೆ. ಟೆಲ್ಮಿಸಾರ್ಟಾನ್, ಲೋಸಾರ್ಟಾನ್ ಇದ್ದರೂ ಕೇಳಿ, ಯಾಕೆಂದರೆ ಆ ಗುಂಪಿನ ವಲ್ಸಾರ್ಟಾನ್ ಜೋಡಿ ಮಾತ್ರೆಯೊಳಗೆ ಆಗಲೇ ಉಂಟು. ಚೀಟಿ ತರುವುದು ಬೇಡ, ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಒಂದು ಚೀಲದಲ್ಲಿ ಹಾಕಿ ತನ್ನಿ ಎಂದು ನಾನು ಹೇಳುವುದು ಇದಕ್ಕೇ.

ಅಂಕೆಯ ಗೊಂದಲವೂ ಉಂಟು. ಒಂದು ಕಂಪನಿ 50 ಎಂದು ಬರೆದದ್ದನ್ನೇ ಇನ್ನೊಂದು 24/26 ಎಂದು ಬರೆಯುತ್ತದೆ. 49/51 ಎಂದರೆ 100, 97/103 ಎಂದರೆ 200. ಬ್ರಾಂಡ್ ಬದಲಾದಾಗ ಹಳೆಯದನ್ನೂ ಹೊಸದನ್ನೂ ಬೇರೆ ಬೇರೆ ಔಷಧ ಎಂದುಕೊಂಡು ಎರಡನ್ನೂ ನುಂಗುವವರಿದ್ದಾರೆ. ಸಾಮಾನ್ಯವಾಗಿ ದಿನಕ್ಕೆರಡು ಬಾರಿ, ಸಣ್ಣ ಪ್ರಮಾಣದಿಂದ ಶುರುಮಾಡಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಏರಿಸುತ್ತಾ ಹೋಗುತ್ತಾರೆ. ಏರಿಸಿದರೆಂದರೆ ಕಾಯಿಲೆ ಜಾಸ್ತಿಯಾಯಿತು ಎಂದಲ್ಲ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಒಂದೇ ತೆಗೆದುಕೊಳ್ಳಿ, ಎರಡು ಬೇಡ.

ಮಂಡಿನೋವಿನ ಮಾತ್ರೆಯ ವಿಷಯದಲ್ಲಿ ನಾನು ನಿಷ್ಠುರ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್ ನೀರನ್ನು ಹಿಡಿದಿಡುತ್ತವೆ, ಈ ಮಾತ್ರೆಯ ಜೊತೆ ಸೇರಿ ಮೂತ್ರಪಿಂಡಕ್ಕೆ ಹೊಡೆತ ಕೊಡುತ್ತವೆ. ಬೇಸರ ಮಾಡಿಕೊಂಡರೂ ಕೊಡುವುದಿಲ್ಲ. ಪ್ಯಾರಾಸಿಟಮಾಲ್ ಸಾಕಾಗುತ್ತದೆಯೋ ನೋಡಿ, ಇಲ್ಲದಿದ್ದರೆ ವೈದ್ಯರನ್ನು ಕೇಳಿ.

ಇನ್ನು ಬೊಂಡ, ಅಂದರೆ ಎಳನೀರು. ನಮ್ಮ ಊರಿನಲ್ಲಿ ಹುಷಾರಿಲ್ಲದವರನ್ನು ನೋಡಲು ಬರುವವರೆಲ್ಲ ಎಳನೀರು ಹಿಡಿದುಕೊಂಡೇ ಬರುತ್ತಾರೆ. ಪ್ರೀತಿಯಿಂದ ತರುವುದು, ಬೇಡ ಎನ್ನಲು ಸಂಕಟ. ಆದರೆ ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ. 100 ಮಿಲಿಲೀಟರ್‌ನಲ್ಲೇ ಸುಮಾರು 250 ಮಿಲಿಗ್ರಾಂ ಇರಬಹುದು. ಜೋಡಿ ಮಾತ್ರೆ ಪೊಟ್ಯಾಸಿಯಂ ಏರಿಸುತ್ತದೆ, ಹೆಚ್ಚಿನವರು ಜೊತೆಗೆ ತೆಗೆದುಕೊಳ್ಳುವ ಸ್ಪೈರೊನೊಲ್ಯಾಕ್ಟೋನ್ ಅಥವಾ ಎಪ್ಲೆರೆನೋನ್ ಇನ್ನಷ್ಟು ಏರಿಸುತ್ತದೆ. ಪೊಟ್ಯಾಸಿಯಂ ಮಿತಿ ಮೀರಿದರೆ ಹೃದಯದ ಬಡಿತವೇ ಹದ ತಪ್ಪುತ್ತದೆ, ಅದೂ ಬಹಳ ಸಲ ಯಾವ ಮುನ್ಸೂಚನೆ ಇಲ್ಲದೆ. ಎಷ್ಟು ಕುಡಿಯಬಹುದು ಎನ್ನುವುದು ನಿಮ್ಮ ರಕ್ತಪರೀಕ್ಷೆ ನೋಡಿದವರು ಹೇಳಬೇಕಾದ ಮಾತು. ದಿನಾ ಕುಡಿಯುವ ಅಭ್ಯಾಸವಿದ್ದರೆ ಅವರಿಗೆ ತಿಳಿಸಿ. ಮಾತ್ರೆ ಶುರುಮಾಡಿ, ಅಥವಾ ಪ್ರಮಾಣ ಏರಿಸಿ, ಒಂದೆರಡು ವಾರದೊಳಗೆ ಕ್ರಿಯಾಟಿನಿನ್ (ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವುದು) ಮತ್ತು ಪೊಟ್ಯಾಸಿಯಂ ಪರೀಕ್ಷೆ ಆಗಲೇಬೇಕು.

ಉಪ್ಪು ಕಡಿಮೆ ಮಾಡಿ ಎಂದದ್ದಕ್ಕೆ ಅಂಗಡಿಯಿಂದ 'ಲೋ ಸೋಡಿಯಂ' ಉಪ್ಪು ತಂದು ಸಮಾಧಾನಪಡುವವರು ಇದನ್ನು ಗಮನಿಸಿ: ಅದರಲ್ಲಿ ತೆಗೆದ ಸೋಡಿಯಂನ ಜಾಗದಲ್ಲಿ ಸೇರಿಸಿರುವುದು ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್. ಅದು ಬೇಡ. ಕಡಿಮೆ ಮಾಡಬೇಕಾದದ್ದು ಗಂಜಿಯ ಪಕ್ಕದ ಉಪ್ಪಿನಕಾಯಿ, ಹಪ್ಪಳ, ಮಳೆಗಾಲದ ಒಣಮೀನು, ಉಪ್ಪುನೀರಿನಲ್ಲಿ ಹಾಕಿಟ್ಟ ಮಾವಿನಕಾಯಿ, ಹಲಸಿನ ಸೊಳೆ.

ಏಕಾದಶಿಯ ದಿನ ಏನು ಮಾಡಬೇಕು ಎಂದು ಮಠದ ಆಸುಪಾಸಿನ ಹಿರಿಯರು ಕೇಳುತ್ತಾರೆ. ನೀರೂ ಮುಟ್ಟದೆ ಉಪವಾಸ ಮಾಡಿ, ಮೂತ್ರ ಹೋಗಿಸುವ ಮಾತ್ರೆಯನ್ನೂ ಇದನ್ನೂ ನುಂಗಿದರೆ ಬಿಪಿ ಕುಸಿದು ಬೀಳುವ ಅಪಾಯವಿದೆ. ಉಪವಾಸವನ್ನು ಹೇಗೆ ಹೊಂದಿಸಿಕೊಳ್ಳಬಹುದು ಎಂದು ವೈದ್ಯರ ಹತ್ತಿರ ಮೊದಲೇ ಮಾತಾಡಿ. ವಾಂತಿ ಭೇದಿ ಆದಾಗ, ಮೇ ತಿಂಗಳ ಸೆಕೆಯಲ್ಲಿ ಬೆವತು ನಿತ್ರಾಣವಾದಾಗಲೂ ಇದೇ ಅಪಾಯ, ಅದೇ ದಿನ ಫೋನು ಮಾಡಿ. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ತಿನ್ನುವ ಮೊದಲು ತೂಕ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಎರಡು ಮೂರು ದಿನದಲ್ಲಿ 2 ಕಿಲೊ ಏರಿದರೆ ಅದು ಮೈಯಲ್ಲಿ ನಿಂತ ನೀರು.

"ಎಕೋದಲ್ಲಿ ಇಎಫ್ ಸರಿಯಾಗಿದೆ, ಈಗಲಾದರೂ ನಿಲ್ಲಿಸಬಹುದಾ?" ಎಂಬುದು ಅದೇ ಪ್ರಶ್ನೆಯ ಇನ್ನೊಂದು ರೂಪ. ಇಎಫ್ ಎಂದರೆ ಹೃದಯ ಪ್ರತಿ ಬಡಿತಕ್ಕೆ ತನ್ನೊಳಗಿನ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೊರಗೆ ತಳ್ಳುತ್ತದೆ ಎಂಬ ಅಳತೆ. ಹೃದಯ ಹಿಗ್ಗಿ ದುರ್ಬಲವಾಗಿದ್ದು ಆಮೇಲೆ ಚೇತರಿಸಿಕೊಂಡವರಲ್ಲಿ ಹೃದಯ ವೈಫಲ್ಯದ ಔಷಧಗಳನ್ನು ನಿಲ್ಲಿಸಿ ನೋಡಿದ ಒಂದು ಸಣ್ಣ ಬ್ರಿಟಿಷ್ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ನಿಲ್ಲಿಸಿದವರಲ್ಲಿ ಶೇಕಡಾ 44 ಮಂದಿಗೆ ಆರು ತಿಂಗಳೊಳಗೆ ಕಾಯಿಲೆ ಮರಳಿತು.

ಹೆರಿಗೆಯ ಆಸುಪಾಸಿನಲ್ಲಿ ಹೃದಯ ದುರ್ಬಲವಾದ ಎಳೆಯ ವಯಸ್ಸಿನ ತಾಯಂದಿರೂ ಈ ಮಾತ್ರೆಗೆ ಬರುತ್ತಾರೆ. ನಾಲ್ಕು ಜನ ನಿಂತಿರುವ ಕೌಂಟರಿನಲ್ಲಿ ಅವರು ಏನನ್ನೂ ಕೇಳುವುದಿಲ್ಲ, ಹಾಗಾಗಿ ನಾನೇ ಬದಿಗೆ ಕರೆದು ಹೇಳುತ್ತೇನೆ. ಗರ್ಭಿಣಿಯಾದರೆ ಈ ಮಾತ್ರೆ ಮಗುವಿನ ಮೂತ್ರಪಿಂಡಕ್ಕೆ, ಜೀವಕ್ಕೇ ಅಪಾಯ. ಮೊಲೆಹಾಲು ಕೊಡುತ್ತಿದ್ದರೂ ವೈದ್ಯರಿಗೆ ತಿಳಿದಿರಬೇಕು. ಮಾತ್ರೆ ನಡೆಯುತ್ತಿರುವಷ್ಟು ದಿನ ಗರ್ಭನಿರೋಧಕ ಬೇಕು, ಇನ್ನೊಂದು ಮಗು ಬೇಕೆನಿಸಿದರೆ ಮೊದಲೇ ವೈದ್ಯರನ್ನು ಕಾಣಬೇಕು, ಮುಟ್ಟು ತಪ್ಪಿದರೆ ಅದೇ ದಿನ ಫೋನು ಮಾಡಬೇಕು. ಜೊತೆಗೆ ಬಂದ ಗಂಡನಿಗೂ ಇದನ್ನು ಬೇರೆಯಾಗಿ ಹೇಳುತ್ತೇನೆ.